ಕಡಲಿಗೆ ಹೊರಿಸಿದ ಅಪವಾದ

ನಮ್ಮ ಬರೆವಣಿಗೆಯಲ್ಲಿ ಹಡಗುಗಳು ಮುಳುಗುತ್ತವೆ. ಅವನ್ನು ಯಾರೂ ಮುಳುಗಿಸುವುದಿಲ್ಲ. 'ಮುಳುಗು' ಎಂಬುದು ಅಕರ್ಮಕ ಧಾತು, ಅದಕ್ಕೆ 'ಇಸು' ಪ್ರತ್ಯಯ ಹತ್ತಿದರೆ ಪ್ರೇರಣಾರ್ಥಕವಾಗುತ್ತದೆ ಎಂಬುದನ್ನು ಪ್ರೌಢಶಾಲೆಯ ಹುಡುಗನೂ ಬಲ್ಲ. ಆದರೆ ಹಡಗಿನ ಮಾತು ಬಂದಾಗ ಮಾತ್ರ ಆ 'ಇಸು' ನಮ್ಮ ಲೇಖಣಿಯ ತುದಿಗೆ ಬರಲೊಲ್ಲದು. ಅದರ ಬದಲು 'ವಿಧಿಯ ಕೈವಾಡ', 'ಕ್ರೂರ ಕಡಲಿನ ಒಡಲು', 'ಜಲಸಮಾಧಿ' ಮೊದಲಾದ ಮಾತುಗಳು ಸಾಲುಗಟ್ಟಿ ಬರುತ್ತವೆ. ಹತ್ತೊಂಬತ್ತನೆಯ ಶತಮಾನದ ಮೊದಲ ನಾಲ್ಕು ದಶಕಗಳಲ್ಲಿ ಯುರೋಪಿನ ಹಡಗುಗಳಿಗೆ ಒದಗಿದ ದುರಂತಗಳನ್ನು ಕುರಿತು ಸಾಹಸಕಥೆಗಳಲ್ಲಿ, ಪಠ್ಯದ ಟಿಪ್ಪಣಿಗಳಲ್ಲಿ, ಸಭೆಯ ಭಾಷಣಗಳಲ್ಲಿ ಕೇಳಿಬರುವುದು ಇದೊಂದೇ ರಾಗ. ಈ ರಾಗ ಅಪಸ್ವರವೆಂದಷ್ಟೇ ಅಲ್ಲ, ಸುಳ್ಳೆಂದು ನನ್ನ ವಾದ. ಆ ಹಡಗುಗಳಲ್ಲಿ ಸತ್ತವರಲ್ಲಿ ಬಹುಮಂದಿಯನ್ನು ಕೊಂದದ್ದು ಕಡಲಲ್ಲ, ಕಡಲಿಳಿಯುವ ಮೊದಲೇ ದಡದ ಮೇಲೆ ಕುಳಿತು ಮಾಡಿದ ತೀರ್ಮಾನಗಳು.

ನಾವು ಹೀಗೆ ಬರೆಯುವುದಕ್ಕೆ ಕಾರಣವಿಲ್ಲದಿಲ್ಲ. ನಮ್ಮ ಪರಂಪರೆಯಲ್ಲಿ ಕಡಲೆಂದರೆ ಭವಸಾಗರ, ನಾವೆಯೆಂದರೆ ಈ ದೇಹ, ಅಂಬಿಗನೆಂದರೆ ಶ್ರೀಹರಿ. ದಾಸರ ಪದಗಳನ್ನು ಕೇಳಿ ಬೆಳೆದ ಕಿವಿಗೆ ಅಂಬಿಗನನ್ನು ನಂಬುವುದು ಗೊತ್ತೇ ಹೊರತು ಅವನಿಂದ ಲೆಕ್ಕ ಕೇಳುವುದು ಗೊತ್ತಿಲ್ಲ. ಪರಮಾರ್ಥಕ್ಕೆ ಈ ರೂಪಕ ಒಪ್ಪುತ್ತದೆ. ಅದನ್ನು ಅಲ್ಲಗಳೆಯುವಷ್ಟು ಉದ್ಧಟತನ ನನಗಿಲ್ಲ. ಆದರೆ ಲಂಡನ್ನಿನ ಹಡಗಿನ ಮಾಲೀಕ ಶ್ರೀಹರಿಯಲ್ಲವಷ್ಟೆ? ವರ್ಷಕ್ಕೊಮ್ಮೆ ರಜೆಯಲ್ಲಿ ಕಡಲು ನೋಡಿ ಬರುವ ನಾವು ಬಯಲುಸೀಮೆಯ ಬರೆಹಗಾರರು ಈ ರೂಪಕಕ್ಕೆ ಮರುಳಾದಷ್ಟು ಕರಾವಳಿಯ ಮೀನುಗಾರ ಮರುಳಾಗಲಾರ. ದೋಣಿಯೊಳಕ್ಕೆ ನೀರು ಬಂದರೆ ಅವನು ಮೊದಲು ನೋಡುವುದು ಹಲಗೆಯ ಸಂದನ್ನು.

ಸಂದನ್ನು ನೋಡೋಣ. 1815ರಲ್ಲಿ 'ಆರ್ನಿಸ್ಟನ್' ಎಂಬ ಹಡಗು ಸಿಂಹಳದಿಂದ ಇಂಗ್ಲೆಂಡಿಗೆ ಹೊರಟಿತು. ಅದರಲ್ಲಿದ್ದವರು 378 ಜನ. ಊರಿಗೆ ಮರಳುತ್ತಿದ್ದ ಗಾಯಾಳು ಸೈನಿಕರು, ನಾವಿಕರು, ಹೆಂಗಸರು, ಮಕ್ಕಳು. ಕಡಲಿನಲ್ಲಿ ಉತ್ತರ ದಕ್ಷಿಣಗಳನ್ನು ತಿಳಿಯಲು ಸೂರ್ಯನಿದ್ದಾನೆ, ನಕ್ಷತ್ರಗಳಿವೆ. ಪೂರ್ವ ಪಶ್ಚಿಮವಾಗಿ ಎಷ್ಟು ದೂರ ಬಂದೆವೆಂಬುದನ್ನು, ಎಂದರೆ ರೇಖಾಂಶವನ್ನು, ತಿಳಿಯಬೇಕಾದರೆ ಮಾತ್ರ ಹೊರಟ ಊರಿನ ಗಂಟೆಯನ್ನು ತಪ್ಪದೆ ತೋರಿಸುವ ಗಡಿಯಾರವೊಂದು ಬೇಕು. ಅದೇ ಕ್ರೊನಾಮೀಟರ್. ಜಾನ್ ಹ್ಯಾರಿಸನ್ ಎಂಬ ಬಡಗಿಯ ಮಗ ಅಂಥ ಗಡಿಯಾರವನ್ನು ಮಾಡಿ, ಅದು ಕಡಲಿನ ಮೇಲೆ ನಡೆಯುತ್ತದೆಂದು ತೋರಿಸಿ ಆಗಲೇ ಐವತ್ತು ವರ್ಷಗಳಾಗಿದ್ದವು. ಆದರೆ ಅದು ದುಬಾರಿ. ಕಪ್ತಾನನಿಗೆ ಕೊಳ್ಳುವ ಶಕ್ತಿಯಿರಲಿಲ್ಲ. ಮಾಲೀಕರಿಗೆ ಶಕ್ತಿಯಿತ್ತು, ಮನಸ್ಸಿರಲಿಲ್ಲ. ಅದಿಲ್ಲದೆ ಹೊರಡುವುದಿಲ್ಲವೆಂದರೆ ಬೇರೆ ಕಪ್ತಾನನನ್ನು ನೇಮಿಸುತ್ತೇವೆಂದು ಅವರು ಹೆದರಿಸಿದರು. ಅವನು ಹೊರಟ.

ಆಫ್ರಿಕದ ದಕ್ಷಿಣ ತುದಿಯ ಬಳಿ ಬಿರುಗಾಳಿ ಎದ್ದಿತು. ಹಡಗು ಜೊತೆಯ ಹಡಗುಗಳಿಂದ ಬೇರೆಯಾಯಿತು. ಹಡಗಿನ ವೇಗವನ್ನೂ ದಿಕ್ಕನ್ನೂ ಗುಣಿಸಿ ಭಾಗಿಸಿ ಕಪ್ತಾನ ಅಂದಾಜು ಹಾಕಿದ: ಗುಡ್‌ಹೋಪ್ ಭೂಶಿರವನ್ನು ದಾಟಿದ್ದೇವೆ, ಇನ್ನು ಉತ್ತರಕ್ಕೆ ತಿರುಗಿದರೆ ಸೇಂಟ್ ಹೆಲೆನಾ ದ್ವೀಪದ ದಾರಿ. ನಿಜವಾಗಿ ಅವನು ಇನ್ನೂ ಸುಮಾರು ನೂರು ಮೈಲಿ ಪೂರ್ವದಲ್ಲಿದ್ದ. ಉತ್ತರಕ್ಕೆ ತಿರುಗಿದವನಿಗೆ ಎದುರಾದದ್ದು ತೆರೆದ ಕಡಲಲ್ಲ, ಆಫ್ರಿಕದ ದಂಡೆ. ಮೇ 30ರಂದು ಹಡಗು ಒಡೆಯಿತು. 372 ಜನ ಸತ್ತರು, ಆರು ಜನ ಉಳಿದರು. ಒಂದು ಗಡಿಯಾರದ ಬೆಲೆಯನ್ನು 372ರಿಂದ ಭಾಗಿಸಿ ನೋಡಿದರೆ ಆಳಿಗೆ ಎಷ್ಟು ಬೀಳುತ್ತದೆಂಬುದನ್ನು ಗಣಿತದ ಮೇಷ್ಟರು ಹೇಳಲಿ. ನಾವಂತೂ ಇದನ್ನು 'ಚಂಡಮಾರುತಕ್ಕೆ ಬಲಿ' ಎಂದು ಬರೆಯುತ್ತೇವೆ. ಬಿರುಗಾಳಿ ಇತ್ತು, ಯಾರು ಇಲ್ಲವೆಂದರು? ಗಡಿಯಾರ ಇರಲಿಲ್ಲ.

ಮರುವರ್ಷದ 'ಮೆಡೂಸಾ' ಪ್ರಕರಣ ಹೆಚ್ಚು ಪ್ರಸಿದ್ಧ. ಅದಕ್ಕೆ ಕಾರಣ ಜೆರಿಕೋ ಎಂಬ ತರುಣ ಚಿತ್ರಕಾರ ಬರೆದು 1819ರಲ್ಲಿ ಪ್ಯಾರಿಸಿನ ಜನರ ಮುಂದಿಟ್ಟ ದೊಡ್ಡ ಚಿತ್ರ. ಈಗ ಲೂವ್ರ್ ಸಂಗ್ರಹಾಲಯದಲ್ಲಿರುವ ಆ ಚಿತ್ರದ ಪ್ರತಿಯನ್ನು ವಾಚಕರಲ್ಲಿ ಅನೇಕರು ನೋಡಿರಬಹುದು: ಅಲೆಗಳ ನಡುವೆ ಒಂದು ತೆಪ್ಪ, ಅದರ ಮೇಲೆ ಹೆಣಗಳು, ಅರೆಹೆಣಗಳು, ತುತ್ತತುದಿಯಲ್ಲಿ ದೂರದ ಹಡಗಿಗೆ ಬಟ್ಟೆ ಬೀಸುತ್ತಿರುವ ಕರಿಯ ಮನುಷ್ಯನೊಬ್ಬ. 'ಪ್ರಕೃತಿಯೊಡನೆ ಮಾನವನ ಅಮರ ಹೋರಾಟ' ಎಂದು ಅದನ್ನು ಬಣ್ಣಿಸುವ ರಸಿಕರು ನಮ್ಮಲ್ಲಿದ್ದಾರೆ. ಆ ಚಿತ್ರವನ್ನು ಮೊದಲು ನೋಡಿದ ಫ್ರೆಂಚ್ ಜನ ಅಷ್ಟು ಮುಗ್ಧರಾಗಿರಲಿಲ್ಲ. ಅವರಿಗೆ ಅದರಲ್ಲಿ ಕಂಡದ್ದು ಅಲೆಯಲ್ಲ, ಸರಕಾರ.

ನೆಪೋಲಿಯನ್ ಬಿದ್ದು ಹಳೆಯ ರಾಜವಂಶ ಮರಳಿ ಬಂದಿದ್ದ ಕಾಲ ಅದು. ರಾಜನಿಷ್ಠೆಗೆ ಸಂಭಾವನೆಯಾಗಿ ಮೆಡೂಸಾದ ನಾಯಕತ್ವ ಷೊಮಾರೆ ಎಂಬ ಕುಲೀನನಿಗೆ ಸಿಕ್ಕಿತು. ಅವನು ಕಡಲಿನ ಕೆಲಸ ಬಿಟ್ಟು ಇಪ್ಪತ್ತು ವರ್ಷಗಳ ಮೇಲಾಗಿತ್ತು. ಸೆನೆಗಾಲ್ ವಸಾಹತಿನ ಹೊಸ ಗವರ್ನರನನ್ನೂ ಪರಿವಾರವನ್ನೂ ಸೇರಿಸಿ ಸುಮಾರು 400 ಜನರನ್ನು ಹೊತ್ತು 1816ರ ಜೂನಿನಲ್ಲಿ ಹಡಗು ಹೊರಟಿತು. ಗವರ್ನರನಿಗೆ ಬೇಗ ತಲುಪುವ ಆತುರ. ಕಪ್ತಾನ ಜೊತೆಯ ಹಡಗುಗಳನ್ನು ಹಿಂದೆ ಬಿಟ್ಟು ದಂಡೆಯ ಪಕ್ಕದಲ್ಲೇ ಸಾಗಿದ. ಅನುಭವಿಗಳಾದ ಅಧಿಕಾರಿಗಳ ಮಾತನ್ನು ತಳ್ಳಿಹಾಕಿ, ಆ ದಂಡೆ ತನಗೆ ಗೊತ್ತೆಂದು ಹೇಳಿಕೊಂಡ ಒಬ್ಬ ಪ್ರಯಾಣಿಕನ ಮಾತನ್ನು ನಂಬಿದ. ಜುಲೈ 2ರಂದು, ಹಗಲು ಹೊತ್ತಿನಲ್ಲಿ, ಆರ್ಗ್ವಿನ್ ಎಂಬ ಮರಳುದಿಬ್ಬಕ್ಕೆ ಹಡಗು ಏರಿ ಕುಳಿತಿತು. ಆ ದಿಬ್ಬ ನಕಾಶೆಯಲ್ಲಿತ್ತು.

ದೋಣಿಗಳು ಎಲ್ಲರಿಗೂ ಸಾಲದು. ಪಟದ ಕಂಬಗಳನ್ನೂ ಹಲಗೆಗಳನ್ನೂ ಬಿಗಿದು ತೆಪ್ಪವೊಂದನ್ನು ಕಟ್ಟಿ, ಅದರ ಮೇಲೆ ಸೈನಿಕರನ್ನೂ ಕೆಳದರ್ಜೆಯವರನ್ನೂ ಮುಖ್ಯವಾಗಿ, 147 ಜನರನ್ನು ನಿಲ್ಲಿಸಿದರು. ಗವರ್ನರನೂ ಕಪ್ತಾನನೂ ದೋಣಿಗಳಲ್ಲಿ ಕುಳಿತರು. ದೋಣಿಗಳು ತೆಪ್ಪವನ್ನು ಎಳೆದೊಯ್ಯಬೇಕೆಂದು ಕರಾರು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಗ್ಗಗಳು ಬಿಟ್ಟುಹೋದವು. ನೋಡಿ, ಮತ್ತೆ ಅದೇ ಅಕರ್ಮಕ! ಹಗ್ಗಗಳನ್ನು ಬಿಡಲಾಯಿತು. ಒಂದು ಚೀಲ ನೆನೆದ ಬಿಸ್ಕತ್ತು, ಸ್ವಲ್ಪ ನೀರು, ಕೆಲವು ಪೀಪಾಯಿ ದ್ರಾಕ್ಷಾರಸ ಇಷ್ಟರ ಮೇಲೆ 147 ಜನ. ಬಡಿದಾಟ, ಹುಚ್ಚು, ನರಮಾಂಸ ಇವುಗಳ ವರ್ಣನೆಯನ್ನು ನಾನಿಲ್ಲಿ ಮಾಡುವುದಿಲ್ಲ. ಅದನ್ನು ಚಪ್ಪರಿಸಿ ಬರೆಯುವವರು ಬೇಕಾದಷ್ಟಿದ್ದಾರೆ. ಹದಿಮೂರನೆಯ ದಿನ 'ಆರ್ಗಸ್' ಹಡಗು ಕಂಡಾಗ ಬದುಕಿದ್ದವರು 15 ಜನ. ಅವರಲ್ಲೂ ಐವರು ಕೆಲವೇ ದಿನಗಳಲ್ಲಿ ತೀರಿಕೊಂಡರು. ಉಳಿದವರಲ್ಲಿ ಒಬ್ಬನಾದ ಸವಿನ್ಯಿ ಎಂಬ ವೈದ್ಯ ಬರೆದ ವರದಿ ಪತ್ರಿಕೆಗೆ ಸಿಕ್ಕಿದ್ದರಿಂದ ಈ ಸಂಗತಿ ಬೆಳಕಿಗೆ ಬಂತು. ಕಪ್ತಾನನಿಗಾದ ಶಿಕ್ಷೆ ಮೂರು ವರ್ಷದ ಸೆರೆ. ಇದರಲ್ಲಿ ವಿಧಿ ಎಲ್ಲಿ ಬಂತು? ಆ ಮರಳುದಿಬ್ಬ ನಿಂತಲ್ಲೇ ನಿಂತಿತ್ತು.

'ಇದೆಲ್ಲ ಈಗ ಕುಳಿತು ಹೇಳುವ ಜಾಣತನ. ಅಂದಿನ ಹಡಗುಗಳು ಮರದವು, ಹಾಯಿಯವು, ನಕಾಶೆಗಳು ಅರೆಬರೆ, ಮನುಷ್ಯ ಏನು ಮಾಡಬಲ್ಲ?' ಎಂದು ಆಕ್ಷೇಪಿಸುವವರುಂಟು. ಮನುಷ್ಯ ಏನು ಮಾಡಬಲ್ಲನೆಂಬುದಕ್ಕೆ ಆ ಕಾಲದವೇ ಉದಾಹರಣೆಗಳಿವೆ. ಜೇಮ್ಸ್ ಹಾರ್ಸ್‌ಬರ್ಗ್ ಎಂಬ ನಾವಿಕ 1786ರಲ್ಲಿ ತಪ್ಪು ನಕಾಶೆಯ ದೆಸೆಯಿಂದ ಹಿಂದೂ ಮಹಾಸಾಗರದ ಡಿಯೆಗೊ ಗಾರ್ಸಿಯಾ ದ್ವೀಪದಲ್ಲಿ ಹಡಗೊಡೆದು ಬಿದ್ದ. ಅವನು ವಿಧಿಯನ್ನು ಹಳಿಯುತ್ತ ಕೂರಲಿಲ್ಲ. ವರ್ಷಗಟ್ಟಲೆ ಆ ಕಡಲುಗಳನ್ನು ಅಳೆದು, ನಾವಿಕರಿಗೆ ಮಾರ್ಗದರ್ಶಕ ಗ್ರಂಥವನ್ನು ಬರೆದು, ಈಸ್ಟ್ ಇಂಡಿಯಾ ಕಂಪನಿಯ ಜಲನಕಾಶೆಗಳ ಅಧಿಕಾರಿಯೇ ಆದ. ಸ್ಕಾಟ್ಲೆಂಡಿನ ಬೆಲ್ ರಾಕ್ ಎಂಬ ಬಂಡೆ ಭರತ ಬಂದಾಗ ನೀರಿನಲ್ಲಿ ಅಡಗುತ್ತದೆ. ಅದಕ್ಕೆ ಬಲಿಯಾದ ಹಡಗುಗಳಿಗೆ ಲೆಕ್ಕವಿರಲಿಲ್ಲ. ರಾಬರ್ಟ್ ಸ್ಟೀವನ್‌ಸನ್ ಮುಂತಾದವರು ಆ ಬಂಡೆಯ ಮೇಲೆಯೇ ದೀಪಸ್ತಂಭ ಕಟ್ಟಿ 1811ರಲ್ಲಿ ದೀಪ ಹಚ್ಚಿದರು. ಅದು ಇಂದಿಗೂ ನಿಂತಿದೆ. ಭಾರತಕ್ಕೆ ಹೊರಟಿದ್ದ 'ಕೆಂಟ್' ಹಡಗಿಗೆ 1825ರಲ್ಲಿ ಬಿಸ್ಕೆ ಕೊಲ್ಲಿಯಲ್ಲಿ, ಬಿರುಗಾಳಿಯ ನಡುವೆ, ಬೆಂಕಿ ಬಿದ್ದಿತು. ಒಂದು ಕಡೆ ಬೆಂಕಿ, ಒಂದು ಕಡೆ ನೀರು, ಒಳಗೆ ಮದ್ದಿನ ಸಂಗ್ರಹ! ಆದರೂ 600ಕ್ಕೂ ಮೇಲ್ಪಟ್ಟ ಜನರಲ್ಲಿ 500ಕ್ಕಿಂತ ಹೆಚ್ಚು ಮಂದಿಯನ್ನು 'ಕೇಂಬ್ರಿಯ' ಎಂಬ ಚಿಕ್ಕ ಹಡಗು ಉಳಿಸಿಕೊಂಡಿತು. ಕೆಂಟ್ ಮತ್ತು ಮೆಡೂಸಾ ಎರಡನ್ನೂ ಒಂದೇ 'ವಿಧಿ'ಯ ತಲೆಗೆ ಕಟ್ಟುವುದು ಹೇಗೆ?

ಇನ್ನು ವಿಮೆಯ ಮಾತು. ಇದು ನಮ್ಮ ಶೋಕಗೀತಕಾರರಿಗೆ ರುಚಿಸದ ವಿಷಯ, ಆದುದರಿಂದಲೇ ಹೇಳಬೇಕು. 1836ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಹಡಗುಗಳ ನಾಶದ ಕಾರಣಗಳನ್ನು ಶೋಧಿಸಲು ಒಂದು ಸಮಿತಿಯನ್ನು ನೇಮಿಸಿತು. ಅದನ್ನು ನಡೆಸಿದವನು ಜೇಮ್ಸ್ ಸಿಲ್ಕ್ ಬಕಿಂಗ್‌ಹ್ಯಾಮ್. ಕಲ್ಕತ್ತೆಯಲ್ಲಿ ಪತ್ರಿಕೆ ನಡೆಸಿ, ಕಂಪನಿ ಸರಕಾರದ ಕಣ್ಣಿಗೆ ಮುಳ್ಳಾಗಿ, 1823ರಲ್ಲಿ ಇಂಡಿಯದಿಂದ ಗಡೀಪಾರಾದ ಮನುಷ್ಯನೇ ಇವನು. (ಒಳ್ಳೆಯ ಪತ್ರಕರ್ತನನ್ನು ಹೊರಗಟ್ಟಿದರೆ ಅವನು ಇನ್ನೊಂದೆಡೆ ಉಪಯೋಗಕ್ಕೆ ಬರುತ್ತಾನೆ!) ಬ್ರಿಟಿಷ್ ಹಡಗುಗಳಲ್ಲಿ ವರ್ಷವೊಂದಕ್ಕೆ ಸುಮಾರು ಸಾವಿರ ಪ್ರಾಣಗಳು, ಮೂವತ್ತು ಲಕ್ಷ ಪೌಂಡಿನ ಸೊತ್ತು ನಾಶವಾಗುತ್ತಿದೆಯೆಂದು ಸಮಿತಿ ಅಂದಾಜು ಮಾಡಿತು. ಕಾರಣಗಳ ಪಟ್ಟಿಯಲ್ಲಿ ಅದು ಹೇಳಿದ್ದೇನು? ಹಡಗಿನ ಕಟ್ಟೋಣದ ದೋಷ, ರಿಪೇರಿಯ ಅಲಕ್ಷ್ಯ, ಮಿತಿಮೀರಿದ ಹೇರು, ಕಪ್ತಾನರ ಅನರ್ಹತೆ, ಕುಡಿತ, ಕೆಟ್ಟ ನಕಾಶೆ, ಮತ್ತು ವಿಮೆ. ಹಡಗು ಹೋದರೆ ಪೂರ್ತಿ ಹಣ ಬರುವುದೆಂದ ಮೇಲೆ ಹಳೆಯ ಹಡಗಿಗೆ ಹೊಸ ಹಲಗೆ ಹೊಡೆಸುವ ಮಾಲೀಕ ಯಾರು?

ಮಾಲೀಕನ ಸೊತ್ತಿಗೆ ವಿಮೆ, ನಾವಿಕನ ಪ್ರಾಣಕ್ಕೆ? ಅಂದಿನ ಇಂಗ್ಲಿಷ್ ಕಾನೂನಿನಂತೆ ಹಡಗು ಸರಕು ಮುಟ್ಟಿಸಿ ಬಾಡಿಗೆ ಗಳಿಸಿದರೆ ಮಾತ್ರ ನಾವಿಕನಿಗೆ ಸಂಬಳ. ಹಡಗು ಒಡೆದರೆ, ಅವನು ಈಜಿ ಬದುಕಿ ಬಂದರೂ, ದುಡಿದ ತಿಂಗಳುಗಳ ಸಂಬಳ ಹೋಯಿತೆಂದೇ ಲೆಕ್ಕ. ಈ ನಿಯಮವನ್ನು ಪೂರ್ತಿ ತೆಗೆದುಹಾಕಿದ್ದು 1854ರ ಕಾಯಿದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ಕುಣಿಸುವವನೇ ನೆಲ ಡೊಂಕು ಎಂದ, ಕುಣಿದವನ ಕೂಲಿಯನ್ನೂ ಹಿಡಿದುಕೊಂಡ.

ಕೈದಿಗಳ ಹಡಗುಗಳ ಕಥೆಯನ್ನಂತೂ ನಮ್ಮ ಕರುಣರಸಪ್ರಿಯರು ಮುಟ್ಟಿಯೇ ಇಲ್ಲ. 1833ರ ಆಗಸ್ಟಿನಲ್ಲಿ 'ಆಂಫಿಟ್ರೈಟ್' ಎಂಬ ಹಡಗು 108 ಹೆಂಗಸು ಕೈದಿಗಳನ್ನೂ ಅವರ 12 ಮಕ್ಕಳನ್ನೂ ಆಸ್ಟ್ರೇಲಿಯಕ್ಕೆಂದು ಹೊತ್ತು ಹೊರಟು, ಫ್ರಾನ್ಸಿನ ಬುಲೋನ್ ಊರಿನ ಎದುರಿಗೇ ಮರಳಿಗೆ ಏರಿತು. ಇಳಿತದ ಹೊತ್ತು, ದಡ ಕಣ್ಣೆದುರಿಗಿತ್ತು. ಊರಿನ ಬೆಸ್ತರು ನೆರವಿಗೆ ಬಂದರು. ಕಪ್ತಾನ ಯಾರನ್ನೂ ಇಳಿಸಲಿಲ್ಲ. ಕೈದಿಗಳನ್ನು ಬಿಡಲು ತನಗೆ ಅಧಿಕಾರವಿಲ್ಲವೆಂದು ಅವನು ಎಣಿಸಿದನೆಂಬುದು ಅಂದಿನ ಪತ್ರಿಕೆಗಳು ಎತ್ತಿದ ಆರೋಪ. ಭರತ ಬಂತು, ಹಡಗು ಚೂರಾಯಿತು. ಕಪ್ತಾನನೂ ಸೇರಿ 133 ಜನ ಸತ್ತರು. ಉಳಿದ ಮೂವರೂ ನಾವಿಕರು. ಎರಡು ವರ್ಷಗಳ ಮೇಲೆ 'ಮೂರನೆಯ ಜಾರ್ಜ್' ಎಂಬ ಹಡಗು ಟಾಸ್ಮೇನಿಯದ ಬಳಿ ಬಂಡೆಗೆ ಬಡಿದಾಗ, ಕೆಳಗಿನ ಅಂತಸ್ತಿನಿಂದ ಮೇಲೆ ನುಗ್ಗಿದ ಕೈದಿಗಳನ್ನು ತಡೆಯಲು ಕಾವಲುಗಾರರು ಗುಂಡು ಹಾರಿಸಿದರು. ಸತ್ತ 130ಕ್ಕೂ ಮೇಲ್ಪಟ್ಟವರಲ್ಲಿ ಕೈದಿಗಳಲ್ಲದವರು ಬೆರಳೆಣಿಕೆಯಷ್ಟು. ಕಡಲು ಕೈದಿ ಯಾರು, ಅಧಿಕಾರಿ ಯಾರು ಎಂದು ಆರಿಸಿ ನುಂಗುವುದನ್ನು ಎಲ್ಲಿ ಕಲಿಯಿತು?

ಕೊನೆಯದಾಗಿ ನಮ್ಮ ಕಾಲೇಜುಗಳ ವಿಚಾರ. ವರ್ಡ್ಸ್‌ವರ್ತ್ ಕವಿಯ ಶೋಕಕವಿತೆಯನ್ನು ಓದಿಸುವಾಗ ಇಂಗ್ಲಿಷ್ ಅಧ್ಯಾಪಕ ಮಿತ್ರರು 'ಕವಿಯ ತಮ್ಮ ಸಮುದ್ರದ ಪಾಲಾದ' ಎಂದು ಬರೆಸಿ ಮುಂದಕ್ಕೆ ಹೋಗುತ್ತಾರೆ. ಕನ್ನಡ ತರಗತಿಗಳಲ್ಲಿ ತೌಲನಿಕ ವಿಮರ್ಶೆಯೆಂದು ನಾವೂ ಅದನ್ನೇ ಒಪ್ಪಿಸುತ್ತೇವೆ. ಕವಿಯ ದುಃಖ ನಿಜವಾದದ್ದು, ಅವನ ಮೇಲೆ ನನಗೆ ದೂರಿಲ್ಲ. ಆದರೆ ಆ ತಮ್ಮ ಜಾನ್, 'ಅರ್ಲ್ ಆಫ್ ಅಬರ್ಗವೆನ್ನಿ' ಎಂಬ ಹಡಗಿನ ಕಪ್ತಾನ. ಬಂಗಾಳಕ್ಕೂ ಚೀನಕ್ಕೂ ಹೊರಟ ಕಂಪನಿಯ ವ್ಯಾಪಾರದ ಹಡಗು ಅದು. ಅದರ ಸರಕಿನಲ್ಲಿ ಕಪ್ತಾನನ ಸ್ವಂತ ಬಂಡವಾಳವೂ ಮನೆಯವರ ಹಣವೂ ಇತ್ತು. 1805ರ ಫೆಬ್ರವರಿ 5ರಂದು, ದಾರಿ ತೋರಲು ಹತ್ತಿದ ಪೈಲಟ್ ಹಡಗಿನಲ್ಲಿ ಇರುವಾಗಲೇ, ಅದು ಪೋರ್ಟ್‌ಲೆಂಡ್ ಬಳಿಯ ದಿಬ್ಬಕ್ಕೆ ಬಡಿಯಿತು. ಬಡಿದದ್ದು ಸಂಜೆ, ಮುಳುಗಿದ್ದು ರಾತ್ರಿ. ಸುಮಾರು 400 ಜನರಲ್ಲಿ 250ಕ್ಕೂ ಹೆಚ್ಚು ಮಂದಿ ಸತ್ತರು. ಅಷ್ಟು ಗಂಟೆಗಳ ಕಾಲ ದೋಣಿಗಳನ್ನು ಏಕೆ ಇಳಿಸಲಿಲ್ಲವೆಂದು ಆಗಲೇ ಜನ ಕೇಳಿದ್ದರು. ಕವಿತೆಯ ಕೆಳಗೆ ಹೂವಿನ ಹೆಸರಿಗೂ ಕೋಟೆಯ ಹೆಸರಿಗೂ ಅಡಿಟಿಪ್ಪಣಿ ಕೊಡುವ ನಮ್ಮ ಸಂಪಾದಕರು ಈ ಪ್ರಶ್ನೆಗೂ ಎರಡು ಸಾಲಿನ ಜಾಗ ಕೊಡಲಿ. ಮುಂದಿನ ವರ್ಷದ ಪಠ್ಯ ಅಚ್ಚಿಗೆ ಹೋಗುವ ಮೊದಲೇ ಕೊಡಲಿ.