ಒಂದು ಗಂಟಲು, ಆರು ತಂತಿ (ಭಾಗ 4)

ಇಯರ್‌ಫೋನ್ ಹಾಕ್ಕೊಳ್ಳಿ. ಇವತ್ತು ಬೀಟೂ ಇಲ್ಲ, ಬಾಸೂ ಇಲ್ಲ.

ಮಿಸಿಸಿಪಿ ಜಾನ್ ಹರ್ಟ್ ಅಂತ ಒಬ್ಬ ತಾತ. 1966ರಲ್ಲಿ ಬಂದ ಅವರ ಆಲ್ಬಂ ‘ಟುಡೇ!’. ಅದರಲ್ಲಿರೋದು ಅವರ ಗಂಟಲು, ಅವರ ಗಿಟಾರ್, ಅಷ್ಟೇ. ಹೆಬ್ಬೆರಳು ದಪ್ಪ ತಂತಿ ಮೇಲೆ ತಾಳ ಹಿಡಿಯುತ್ತೆ, ಉಳಿದ ಬೆರಳುಗಳು ರಾಗ ಹೇಳುತ್ತವೆ. ಕೂಗಾಟ ಇಲ್ಲ. ಜಗಲಿ ಮೇಲೆ ಕೂತು ನಮಗೇ ಕಥೆ ಹೇಳ್ತಿರೋ ಹಾಗಿದೆ.

“ಬೋರು ಕಣೋ” ಅಂತೀರಾ? ಮೊದಲ ಸಲ ನನಗೂ ಹಾಗೇ ಅನ್ನಿಸ್ತು. ಎರಡನೇ ಸಲ ಪೂರ್ತಿ ಕೇಳಿ.

ಇವರು 1928ರಲ್ಲೇ ರೆಕಾರ್ಡ್ ಮಾಡಿದ್ರು. ಹೆಚ್ಚು ಮಾರಾಟ ಆಗಲಿಲ್ಲ. ಊರಿಗೆ ಹೋಗಿ ಹೊಲದ ಕೆಲಸ ಹಿಡಿದ್ರು. 35 ವರ್ಷ ಹೊರಗಿನವರಿಗೆ ಇವರು ಇದ್ದಾರೋ ಇಲ್ವೋ ಗೊತ್ತಿರಲಿಲ್ಲ. 1963ರಲ್ಲಿ ಟಾಮ್ ಹಾಸ್ಕಿನ್ಸ್ ಅನ್ನೋ ಯುವಕ ಹುಡುಕ್ಕೊಂಡು ಹೋದ. ದಾರಿ ತೋರಿಸಿದ್ದು ಒಂದು ಹಾಡು! ‘ಅವಲಾನ್ ಬ್ಲೂಸ್’ನಲ್ಲಿ ತಾತ ತಮ್ಮ ಊರಿನ ಹೆಸರು ಹಾಡಿಬಿಟ್ಟಿದ್ರು.

ಈಗ ನನ್ನ ತಪ್ಪು ಹೇಳ್ತೀನಿ. ನಮ್ಮ ಕಡೆ ಏಕತಾರಿ ಹಿಡಿದು ಕೈವಾರ ತಾತಯ್ಯನವರ ತತ್ವಪದ ಹಾಡೋ ಹಿರಿಯರೊಬ್ಬರನ್ನ ಫೋನಲ್ಲಿ ರೆಕಾರ್ಡ್ ಮಾಡ್ದೆ. ಮೂವತ್ತು ಸೆಕೆಂಡಿಗೆ ಕತ್ತರಿಸಿ, ಕೆಳಗೆ ಬೀಟ್ ಹಾಕಿ ರೀಲ್ ಬಿಟ್ಟೆ. ಲೈಕ್ ಚೆನ್ನಾಗೇ ಬಂತು. ಅವರಿಗೆ ತೋರಿಸಿದಾಗ ಕೇಳಿದ್ದು ಒಂದೇ ಮಾತು: “ಅಂಕಿತ ಎಲ್ಲಪ್ಪಾ?”

ನನ್ನ ಹತ್ರ ಉತ್ತರ ಇರಲಿಲ್ಲ. ತಾತಯ್ಯನವರ ಪದ ಕನ್ನಡದ್ದಿರಲಿ, ತೆಲುಗಿನದ್ದಿರಲಿ, ಕೊನೆಗೆ ಬರೋ ಅಂಕಿತ ಅಮರನಾರೇಯಣ, ಕೈವಾರದ ದೇವರ ಹೆಸರು. ಹಾಡು ಯಾರದ್ದು, ಯಾವ ಊರಿನದು ಅಂತ ಹೇಳೋದೇ ಅದು. ಅವಲಾನ್ ಇದ್ದ ಹಾಗೆ, ಹಾಡಿನೊಳಗಿನ ವಿಳಾಸ. ನಾನು ಕತ್ತರಿಸಿ ಬಿಸಾಕಿದ್ದು ಆ ವಿಳಾಸವನ್ನೇ.

ಅದಕ್ಕೇ ನನ್ನ ಅಭಿಪ್ರಾಯ: ಹಿರಿಯರ ಗಂಟಲಿಗೆ ನಮ್ಮ ಬೀಟಿನ ಊರುಗೋಲು ಬೇಕಿಲ್ಲ. ‘ಟುಡೇ!’ ಇವತ್ತಿಗೂ ಉಳಿದಿರೋದು ಅವರನ್ನ ಒಬ್ಬರೇ ಹಾಡೋಕೆ ಬಿಟ್ಟಿದ್ದಕ್ಕೆ. ಆ ಆಲ್ಬಂ ಬಂದ ವರ್ಷವೇ ಹರ್ಟ್ ತೀರಿಕೊಂಡ್ರು. ಹುಡುಕಾಟ ಇನ್ನೊಂದು ನಾಲ್ಕು ವರ್ಷ ತಡ ಆಗಿದ್ರೆ ಏನೂ ಸಿಗ್ತಿರಲಿಲ್ಲ.

ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು, ಚಿಕ್ಕಬಳ್ಳಾಪುರ, ಎಲ್ಲಿದ್ದೀರೋ ಅಲ್ಲೇ ನಿಮ್ಮೂರ ಭಜನೆ ಮನೆಗೆ ಹೋಗಿ. ಗುರುಪೂರ್ಣಿಮೆಗೆ ಕೈವಾರಕ್ಕೆ ಹೋಗಿ, ಹಗಲೂ ರಾತ್ರಿ ಹಾಡು ಇರುತ್ತೆ. ಮೊದಲು ಕೂತು ಕೇಳಿ. ಆಮೇಲೆ ಕೇಳ್ಕೊಂಡು ರೆಕಾರ್ಡ್ ಮಾಡಿ. ಪೂರ್ತಿ ಹಾಡು, ಹಾಡಿದವರು ಒಪ್ಪಿದ್ರೆ ಅವರ ಹೆಸರು, ಊರು. ಕೆಳಗೆ ಏನೂ ಸೇರಿಸಬೇಡಿ.

ಆ ರೀಲ್ ತೆಗೆದುಹಾಕಿದ್ದೀನಿ. ಮುಂದಿನ ಭಾನುವಾರ ಮತ್ತೆ ಹೋಗ್ತಿದ್ದೀನಿ, ಅಂಕಿತದ ತನಕ ಕೇಳೋಕೆ. ಯಾರ್ ಬರ್ತೀರಾ?