ಲಘುವಲ್ಲದ ಶಂಕೆ

‘ಲಘುಶಂಕೆ’ ಎಂಬ ಶಬ್ದವನ್ನು ತರಗತಿಯಲ್ಲಿ ವಿವರಿಸಬೇಕಾಗಿ ಬಂದಾಗಲೆಲ್ಲ ಹಿಂದಿನ ಬೆಂಚಿನಲ್ಲಿ ನಗೆಯೇಳುವುದು ವಾಡಿಕೆ. ಆ ಶಂಕೆ ಸದಾ ಲಘುವಲ್ಲವೆಂಬುದು ನನಗೆ ಮನವರಿಕೆಯಾದದ್ದು ಈಚೆಗೆ, ಅಕ್ಕನ ಮಗ ಪರೀಕ್ಷೆಯ ಓದಿಗೆಂದು ನಮ್ಮ ಮನೆಯಲ್ಲಿ ಬಂದು ತಂಗಿದ್ದಾಗ.

ಹುಡುಗ ವೈದ್ಯಕೀಯದ ಎರಡನೆಯ ವರ್ಷದವನು. ಸಂಜೆಯಿಂದ ನಡುರಾತ್ರಿಯೊಳಗೆ ಅವನ ಅತ್ತೆ ನಾಲ್ಕು ಬಾರಿ ಕಾಫಿ ಕೊಡುವಳು. ಮೇಜಿನ ಮೇಲೆ ತುಂಬಿದ ನೀರಿನ ಹೂಜಿ ಬೇರೆ. ಒಂದು ಗಂಟೆಗೆ ಮಲಗಿದವನು ಮೂರಕ್ಕೊಮ್ಮೆ, ಐದಕ್ಕೊಮ್ಮೆ ಏಳುವನು. ಬೆಳಿಗ್ಗೆ ಪುಸ್ತಕದ ಮೇಲೆ ತೂಕಡಿಸುವನು.

ನಾಲ್ಕನೆಯ ರಾತ್ರಿ ನಡುಮನೆಯಲ್ಲಿ ಎದುರಾದ. “ಯಾಕೋ, ನಿದ್ದೆ ಬರಲಿಲ್ಲವೇ?” ಎಂದೆ.

“ಮಾವ, ಅಮ್ಮನಿಗೆ ಹೇಳಬೇಡಿ. ಅಪ್ಪನ ಹಾಗೆ ನನಗೂ ಸಕ್ಕರೆ ಕಾಯಿಲೆ ಬಂದಿದೆಯೋ ಏನೋ” ಎಂದ, ತಗ್ಗಿದ ದನಿಯಲ್ಲಿ.

ಓದಿದ ರೋಗಗಳನ್ನೆಲ್ಲ ತಮ್ಮ ಮೈಮೇಲೆ ಕಾಣುವುದು ವೈದ್ಯವಿದ್ಯಾರ್ಥಿಗಳ ಹಳೆಯ ಚಾಳಿಯಂತೆ. ಆದರೆ ತಂದೆಯ ಬವಣೆಯನ್ನು ಕಣ್ಣಾರೆ ಕಂಡ ಹುಡುಗನ ಭಯವನ್ನು ನಕ್ಕು ತಳ್ಳಲಾದೀತೆ? ಮರುದಿನವೇ ಪರಿಚಯದ ವೈದ್ಯರಲ್ಲಿಗೆ ಕರೆದೊಯ್ದೆ. ರಕ್ತದಲ್ಲಿ ಸಕ್ಕರೆ ಸಮವಾಗಿತ್ತು. ಅವನು ಬಿಟ್ಟ ನಿಟ್ಟುಸಿರು ನನಗೂ ಕೇಳಿಸಿತು.

ವೈದ್ಯರು ಹೇಳಿದ್ದಿಷ್ಟು: ರಾತ್ರಿಯ ಹೊತ್ತು ಮಿದುಳಿನಿಂದ ವಾಸೋಪ್ರೆಸ್ಸಿನ್ ಎಂಬ ಚೋದಕ ಹೆಚ್ಚಾಗಿ ಸ್ರವಿಸಿ, ಮೂತ್ರದ ಉತ್ಪತ್ತಿಯನ್ನು ತಗ್ಗಿಸುತ್ತದೆ. ಆದ್ದರಿಂದಲೇ ಆರೋಗ್ಯವಂತ ತರುಣನು ಸಾಮಾನ್ಯವಾಗಿ ಬೆಳಗಿನವರೆಗೆ ನಿದ್ರಿಸಬಲ್ಲ. ಮಲಗುವ ಮುನ್ನ ಹೂಜಿ ಬರಿದುಮಾಡಿದರೆ ಆ ಏರ್ಪಾಡು ಸಾಲದು. ಕಾಫಿಯ ಕೆಫೀನ್ ಸುಮಾರು 5 ಗಂಟೆಗಳಾದರೂ ಅರ್ಧದಷ್ಟು ಮೈಯಲ್ಲೇ ಉಳಿದು ನಿದ್ರೆಯನ್ನು ತೆಳುವಾಗಿಸುತ್ತದೆ. ಗಾಢನಿದ್ರೆಯಲ್ಲಿ ಅರಿವಿಗೇ ಬಾರದ ಜಲಬಾಧೆ, ತೆಳುನಿದ್ರೆಯಲ್ಲಿ ಬಡಿದೆಬ್ಬಿಸುತ್ತದೆ. ಹಗಲು ಓದಿದ್ದು ಮನಸ್ಸಿನಲ್ಲಿ ನೆಲೆಗೊಳ್ಳುವುದಕ್ಕೂ ನಿದ್ರೆಯೇ ಬೇಕು. ನಿದ್ರೆಗೆಟ್ಟು ಓದುವುದೆಂದರೆ ತೂತಿನ ಕೊಡಕ್ಕೆ ನೀರು ಸುರಿದಂತೆ.

ಅಂದಿನಿಂದ ಮಧ್ಯಾಹ್ನದ ಮೇಲೆ ಕಾಫಿಯಿಲ್ಲ. ನೀರು ಹಗಲಿನಲ್ಲೇ ಯಥೇಚ್ಛವಾಗಿ, ಮಲಗುವ ಎರಡು ಗಂಟೆ ಮೊದಲಿನಿಂದ ಮಿತವಾಗಿ. ಹನ್ನೊಂದಕ್ಕೆ ದೀಪ ಆರಿಸುವುದು. ವಾರದೊಳಗೆ ನಡುಮನೆಯಲ್ಲಿ ಹೆಜ್ಜೆಯ ಸಪ್ಪಳ ನಿಂತಿತು.

ಹಾಗೆಂದು ಎಲ್ಲಕ್ಕೂ ಕಾಫಿಯನ್ನೇ ದೂರಿ ಸುಮ್ಮನಿರಬಾರದು. ತೀರದ ಬಾಯಾರಿಕೆ, ಇಳಿಯುವ ತೂಕ, ಉರಿ, ಜ್ವರ, ಮೂತ್ರದಲ್ಲಿ ರಕ್ತ—ಇವುಗಳಲ್ಲಿ ಒಂದು ಕಂಡರೂ ವೈದ್ಯರಲ್ಲಿಗೆ ಹೋಗಲೇಬೇಕು.

ನನ್ನನ್ನು ಇನ್ನೂ ಕಾಡುವುದು ಬೇರೊಂದು ಮಾತು. ಮೂರು ತಿಂಗಳಿಂದ ಹುಡುಗ ಆ ಭಯವನ್ನು ಯಾರಿಗೂ ಹೇಳದೆ ಹೊತ್ತು ತಿರುಗಿದ್ದನಂತೆ. ಎಷ್ಟು ಅಂಕ ಬಂತೆಂದು ಪ್ರತಿವಾರ ಕೇಳುತ್ತಿದ್ದ ನಮಗೆ, ನಿದ್ದೆ ಬರುತ್ತದೆಯೇ ಎಂದು ಒಮ್ಮೆಯಾದರೂ ಕೇಳಬೇಕೆಂದು ತೋಚಿರಲಿಲ್ಲ.