ಕಾಡಿನ ಅಂಚಿನ ಜ್ವರ

ಮಲೆನಾಡಿನಲ್ಲಿ ಒಂದು ಮಂಗ ಸತ್ತು ಬಿದ್ದರೆ ಊರಿಗೆ ಊರೇ ಬೆಚ್ಚುತ್ತದೆ. ಸುಗ್ಗಿ ಮುಗಿದು, ಅಡಕೆ ಚಪ್ಪರದ ಮೇಲೆ ಒಣಗುತ್ತಿರುವಾಗ, ಕೊಟ್ಟಿಗೆಗೆ ಹಾಸಲು ತರಗೆಲೆ ತರಬೇಕೆಂದು ಹೆಂಗಸರು ಬುಟ್ಟಿ ಹೊತ್ತು ಕಾಡಿಗೆ ಹೊರಡುವ ಕಾಲವದು. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಮನೆಗಳಲ್ಲಿ ಆಗ ಕೇಳಿಬರುವ ಮೊದಲ ಪ್ರಶ್ನೆ, ‘ಮಂಗ ಸತ್ತದ್ದು ಯಾವ ಕಡೆಯಂತೆ?’ ಎಂಬುದು. ಈ ಪ್ರಶ್ನೆಗೆ ಈಗ ಆರು ದಶಕಗಳಿಗೂ ಮೀರಿದ ವಯಸ್ಸು.

1957ರ ಬೇಸಗೆಯಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳೂ ಮುಸುವಗಳೂ ಸಾಲುಸಾಲಾಗಿ ಸತ್ತವು. ಸುತ್ತಲಿನ ಹಳ್ಳಿಗಳ ಜನ ತೀವ್ರ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನ ಕೇಂದ್ರದಿಂದ ಟೆಲ್‌ಫರ್ಡ್ ವರ್ಕ್, ಹೆರಾಲ್ಡ್ ಟ್ರಪಿಡೊ ಮೊದಲಾದವರು ಧಾವಿಸಿ ಬಂದರು. ಭಾರತದಲ್ಲಿ ಎಂದೂ ಕಾಣಿಸಿಕೊಳ್ಳದ ಹಳದಿ ಜ್ವರವೇ ಕೊನೆಗೂ ಇಲ್ಲಿಗೆ ಬಂದಿತೇ ಎಂಬುದು ಅವರ ಮೊದಲ ಭೀತಿ. ಪರೀಕ್ಷೆಯಿಂದ ಹೊರಬಿದ್ದದ್ದು ಬೇರೆಯೇ ಸಂಗತಿ. ರೋಗಾಣು ಸೊಳ್ಳೆಯಿಂದ ಹರಡುವುದಾಗಿರಲಿಲ್ಲ, ಉಣುಗಿನಿಂದ ಹರಡುವುದಾಗಿತ್ತು. ಅದರ ಹತ್ತಿರದ ಬಂಧುಗಳಿದ್ದುದು ಸಾವಿರಾರು ಮೈಲಿಯಾಚೆ, ರಷ್ಯದ ಹಿಮದ ನಾಡಿನಲ್ಲಿ.

ಜಗತ್ತು ಎರಡು ಪಾಳೆಯಗಳಾಗಿ ಒಡೆದು ನಿಂತಿದ್ದ ಕಾಲವದು. ರಷ್ಯದ ರೋಗಾಣುವಿನ ಬಂಧು ಮಲೆನಾಡಿನ ಕಾಡಿಗೆ ಬಂದುದು ಹೇಗೆ? ಚಳಿಗಾಲದಲ್ಲಿ ವಲಸೆ ಬರುವ ಹಕ್ಕಿಗಳು ಹೊತ್ತು ತಂದಿರಬಹುದೆಂಬ ಊಹೆ ಹುಟ್ಟಿತು. ಪಕ್ಷಿತಜ್ಞ ಸಲೀಂ ಅಲಿಯವರ ನೇತೃತ್ವದಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ಕಾರ್ಯ ಆರಂಭವಾಯಿತು. ಅದಕ್ಕೆ ಮೊದಲು ವಿಶ್ವ ಆರೋಗ್ಯ ಸಂಸ್ಥೆ ನೆರವಾಯಿತು. ಅನಂತರ ಅಮೆರಿಕದ ಸೈನ್ಯದ ಹಣವೂ ಬಂದಿತು. ರೋಗವನ್ನು ಯುದ್ಧದ ಅಸ್ತ್ರವಾಗಿಸುವ ಸಂಚು ಇದರ ಹಿಂದಿದೆಯೇ ಎಂಬ ಶಂಕೆ 1970ರ ದಶಕದಲ್ಲಿ ಸಂಸತ್ತಿನವರೆಗೂ ಮುಟ್ಟಿತು. ಸೊಪ್ಪು ಹೊರುವ ಕೂಲಿಯವನ ಜ್ವರ ಹೀಗೆ ಮಹಾರಾಷ್ಟ್ರಗಳ ಪರಸ್ಪರ ಅಪನಂಬಿಕೆಯೊಳಗೆ ಸಿಲುಕಿಕೊಂಡಿತು. ಆದರೆ ರೋಗವನ್ನು ಹಕ್ಕಿಯೇ ತಂದಿತೆಂಬುದಕ್ಕೆ ಆಧಾರ ದೊರೆಯಲಿಲ್ಲ. ರಷ್ಯದ ರೋಗಾಣುವಿಗಾಗಿ ಸಿದ್ಧಪಡಿಸಿದ್ದ ಲಸಿಕೆಯನ್ನು ತಂದು ಪ್ರಯೋಗಿಸಿದ್ದೂ ಫಲಿಸಲಿಲ್ಲ.

ಎಲ್ಲರೂ ಆಕಾಶವನ್ನು ನೋಡುತ್ತಿದ್ದಾಗ ನೆಲವನ್ನು ನೋಡಿದ ವಿಜ್ಞಾನಿ ಹೋರ್ಹೆ ಬೊಶೆಲ್. ದಕ್ಷಿಣ ಅಮೆರಿಕದ ಕೊಲಂಬಿಯ ದೇಶದವರು ಈತ. ಅಲ್ಲಿನ ಅರಣ್ಯದಲ್ಲಿ ಮರ ಕಡಿಯುವವರಿಗೇ ಹಳದಿ ಜ್ವರ ಬರುವುದೇಕೆಂದು ಹುಡುಕಿದ್ದ ಅವರು ಒಂದು ದೃಶ್ಯವನ್ನು ಕಣ್ಣಾರೆ ಕಂಡಿದ್ದರು. ಮರದ ನೆತ್ತಿಯಲ್ಲಿ, ಮಂಗಗಳ ನೆರೆಯಲ್ಲಿ ವಾಸಿಸುವ ನೀಲವರ್ಣದ ಸೊಳ್ಳೆಗಳು, ಮರ ಉರುಳಿದೊಡನೆ ಕೆಳಗಿಳಿದು ಕೊಡಲಿ ಹಿಡಿದವರನ್ನು ಮುತ್ತುತ್ತಿದ್ದವು. 1960ರ ದಶಕದಲ್ಲಿ ಭಾರತಕ್ಕೆ ಬಂದು, ಪಿ. ಕೆ. ರಾಜಗೋಪಾಲನ್ ಮೊದಲಾದ ಸಹೋದ್ಯೋಗಿಗಳೊಡನೆ ಸಾಗರ ಸೊರಬಗಳ ಕಾಡುಗಳಲ್ಲಿ ದುಡಿದಾಗ, ಅವರಿಗೆ ಅದೇ ಕಥೆ ಬೇರೊಂದು ವೇಷದಲ್ಲಿ ಕಂಡಿತು.

1969ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಬೊಶೆಲ್ ಪ್ರತಿಪಾದಿಸಿದ ಅಭಿಪ್ರಾಯವಿಷ್ಟು: ಈ ರೋಗಾಣು ಹೊರಗಿನಿಂದ ಬಂದ ಶತ್ರುವಲ್ಲ, ಕಾಡಿನ ಇಲಿ, ಮೂಗಿಲಿಗಳಲ್ಲಿ ಮತ್ತು ಅವುಗಳ ಉಣುಗುಗಳಲ್ಲಿ ಅದು ಬಹುಕಾಲದಿಂದ ಸದ್ದಿಲ್ಲದೆ ಬಾಳಿಕೊಂಡಿತ್ತು. ಜನ ಹೆಚ್ಚಿದರು, ಕಾಡು ಕಡಿದು ಗದ್ದೆ ಮಾಡಿದರು, ಉಳಿದ ಕಾಡಿಗೆ ದನಗಳನ್ನು ಮೇಯಲು ಬಿಟ್ಟರು. ಬೆಳೆದ ಉಣುಗಿಗೆ ದನದ ರಕ್ತ ಹಬ್ಬದೂಟ. ರಕ್ತ ಕುಡಿದು ಉದುರಿದ ಒಂದೊಂದು ಹೆಣ್ಣೂ ತರಗೆಲೆಯ ಮರೆಯಲ್ಲಿ ಸಾವಿರಗಟ್ಟಲೆ ಮೊಟ್ಟೆಯಿಡುತ್ತದೆ. ಆ ಮರಿಗಳು ಇಲಿಯನ್ನೂ ಹಕ್ಕಿಯನ್ನೂ ಮಂಗವನ್ನೂ ಹತ್ತುತ್ತವೆ. ಚಳಿಗಾಲ ಬೇಸಗೆಗಳಲ್ಲಿ ಮನುಷ್ಯನನ್ನೂ ಬಿಡವು. ದನಕ್ಕೆ ಕಾಯಿಲೆಯಿಲ್ಲ, ಮಂಗಕ್ಕೆ ಮರಣ. ಸತ್ತ ಮಂಗದಿಂದ ಉದುರಿದ ಉಣುಗು ಮುಂದಿನ ದಾರಿಹೋಕನಿಗಾಗಿ ಕಾದಿರುತ್ತದೆ.

ಈ ಅಭಿಪ್ರಾಯದಲ್ಲಿ ಎದೆ ನಡುಗಿಸುವ ಮಾತೊಂದಿದೆ. ಶತ್ರುವನ್ನು ಸೈಬೀರಿಯದಲ್ಲಿ ಹುಡುಕುತ್ತಿದ್ದವರಿಗೆ ಅದು ತಮ್ಮ ಕೊಟ್ಟಿಗೆಯ ಹಿಂಬದಿಯನ್ನು ತೋರಿಸಿತು. ಆದರೆ ಸೊಪ್ಪಿಲ್ಲದೆ ತೋಟವಿಲ್ಲ, ದನವಿಲ್ಲದೆ ಗೊಬ್ಬರವಿಲ್ಲ, ಸೌದೆಯಿಲ್ಲದ ಬಡವನ ಒಲೆ ಉರಿಯದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ನೀರು ಸಾಗರ, ಹೊಸನಗರಗಳ ಹಳ್ಳಿಗಳನ್ನು ನುಂಗಿದಾಗ, ನೆಲೆ ತಪ್ಪಿದವರು ಕಾಡಿನ ನಡುವೆಯೇ ಹೊಸ ಬಾಳು ಕಟ್ಟಬೇಕಾಯಿತು. ಇಂಥವರನ್ನು ಅಪರಾಧಿಗಳೆನ್ನುವುದು ನ್ಯಾಯವಲ್ಲ. ರಾಜ್ಯಕ್ಕೆಲ್ಲ ದೀಪ ಬೆಳಗಲೆಂದು ಮನೆ ಬಿಟ್ಟುಕೊಟ್ಟವರನ್ನು ಜ್ವರದಿಂದ ಕಾಯುವ ಹೊಣೆ ಆ ಬೆಳಕಿನಲ್ಲಿ ಕುಳಿತವರದೂ ಹೌದು.

ಆ ಹೊಣೆ ಪೂರ್ತಿಯಾಗಿ ಸಂದಿಲ್ಲ. 2014ರಲ್ಲಿ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ರೋಗ ಉಲ್ಬಣಿಸಿತು. 2018ರ ಕೊನೆಯಿಂದ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಹಲವರು ಪ್ರಾಣ ತೆತ್ತರು. 2024ರಲ್ಲಿ ಹೊಸನಗರ ತಾಲ್ಲೂಕು ಸಾವು ಕಂಡಿತು. ದಶಕಗಳ ಕಾಲ ಕೊಡುತ್ತಿದ್ದ ಲಸಿಕೆ ಸಾಕಷ್ಟು ಫಲಕಾರಿಯಲ್ಲವೆಂದು ತಿಳಿದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಹೊಸ ಲಸಿಕೆಯ ಸಿದ್ಧತೆ ಆ ಬಳಿಕ ಕೈಗೊಂಡ ಕಾರ್ಯ. ರೋಗವನ್ನೇ ಕೊಲ್ಲುವ ನಿರ್ದಿಷ್ಟ ಔಷಧವಿಲ್ಲ. ಬೇಗನೆ ಆಸ್ಪತ್ರೆ ಸೇರಿ ಆರೈಕೆ ಪಡೆದವರಲ್ಲಿ ಬಹುಪಾಲು ಜನ ಗುಣಹೊಂದುತ್ತಾರೆಂಬುದು, ಮನುಷ್ಯನಿಂದ ಮನುಷ್ಯನಿಗೆ ಇದು ಹರಡುವುದಿಲ್ಲವೆಂಬುದು ಸಮಾಧಾನ.

ಆದುದರಿಂದ ಮೈತುಂಬ ಬಟ್ಟೆ ತೊಟ್ಟು, ಉಣುಗು ನಿವಾರಕ ತೈಲ ಹಚ್ಚಿಕೊಂಡು ಕಾಡಿಗೆ ಹೋಗುವುದು, ಬಂದೊಡನೆ ಬಿಸಿನೀರಿನಲ್ಲಿ ಸೋಪು ಹಚ್ಚಿ ಮೀಯುವುದು, ಉಟ್ಟ ಬಟ್ಟೆಯನ್ನು ಒಗೆಯುವುದು, ಸತ್ತ ಮಂಗವನ್ನು ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸುವುದು—ಇವು ಸಣ್ಣ ಕೆಲಸಗಳಾದರೂ ಪ್ರಾಣ ಉಳಿಸುವಂಥವು. ಜ್ವರ, ತಲೆನೋವು, ಮೈಕೈ ಸೆಳೆತ ಕಂಡರೆ ಮನೆಮದ್ದಿನಲ್ಲಿ ದಿನ ಕಳೆಯಲಾಗದು.

ಶಾಂತಿಯೆಂದರೆ ದೇಶದೇಶಗಳ ನಡುವಿನ ಒಪ್ಪಂದವೆಂದೇ ನಾಗರಿಕರು ತಿಳಿದಿರುತ್ತಾರೆ. ಊರಿಗೂ ಕಾಡಿಗೂ ನಡುವೆ ಒಂದು ಒಪ್ಪಂದ ಬೇಕೆಂಬುದನ್ನು ಬೊಶೆಲ್ ಕಂಡ ಸತ್ಯ ನೆನಪಿಸುತ್ತದೆ. ಅದು ಮುರಿದಾಗ ಮೊದಲು ಸಾಯುವುದು ಮಂಗ. ಅದರ ಬೆನ್ನಿಗೆ, ಬುಟ್ಟಿ ಹೊತ್ತು ತರಗೆಲೆಗೆ ಹೋದ ಬಡವಿ.